ಶ್ರಾವಣ ಸೋಮವಾರ ಬಿಟ್ಟ ಮೀನು

ಮೊದಲೇ ಹೇಳಿಬಿಡುತ್ತೇನೆ, ನಾನು ಮೀನು ತಿನ್ನುವವನಲ್ಲ. ನಮ್ಮ ಮನೆತನದಲ್ಲೇ ಯಾರೂ ತಿಂದವರಲ್ಲ. ಕೊರಳಲ್ಲಿ ಲಿಂಗವಿದೆ, ಬೆಳಿಗ್ಗೆ ಹಣೆಗೆ ವಿಭೂತಿ ಹಚ್ಚದೆ ಚಹಾ ಮುಟ್ಟುವುದಿಲ್ಲ. ಅಂಥ ಬೈಲಹೊಂಗಲದ ಅಡಿವೆಪ್ಪ, ಜರ್ಮನಿಯ ಹರ್ಟ್ಸೋಗೆನಾವ್‌ರಾಕ್‌ನಲ್ಲಿ ಹದಿನಾಲ್ಕು ವರ್ಷದಿಂದ ಬೇರಿಂಗಿನ ಡಿಸೈನ್ ಮಾಡಿಕೊಂಡು ಮರ್ಯಾದೆಯಿಂದ ಇದ್ದವನು, ಗಾಳ ಹಿಡಿದು ಕೆರೆಯ ದಂಡೆಗೆ ನಿಂತದ್ದು ಮಗಳಿಂದಾಗಿ.

ಮಗಳು ಪವಿ. ಹನ್ನೊಂದನೇ ವಯಸ್ಸಿಗೆ ಕ್ಲಾಸಿನ ಗೆಳತಿಯ ಮನೆಯವರ ಜೊತೆ ಒಮ್ಮೆ ಮೀನು ಹಿಡಿಯಲು ಹೋಗಿ ಬಂದಳು. ಬಂದವಳು ಮೂರು ದಿನ ಬೇರೆ ಮಾತೇ ಆಡಲಿಲ್ಲ. ಪಿಯಾನೊ ಬೇಡ, ಭರತನಾಟ್ಯ ಬೇಡ, ಮೀನು ಬೇಕು! ಆದರೆ ಜರ್ಮನಿಯಲ್ಲಿ ಮೀನಿಗೂ ಆಫೀಸಿದೆ. ಮಕ್ಕಳಿಗೆ ಲೈಸೆನ್ಸ್ ಸುಲಭವಾಗಿ ಕೊಡುತ್ತಾರೆ, ಆದರೆ ಪಕ್ಕದಲ್ಲಿ ಪರೀಕ್ಷೆ ಪಾಸಾಗಿ ಲೈಸೆನ್ಸ್ ಪಡೆದ ದೊಡ್ಡವರೊಬ್ಬರು ನಿಂತಿರಬೇಕು. ಹೀಗಾಗಿ ನಾನು ಮೂವತ್ತು ತಾಸಿನ ಕೋರ್ಸಿಗೆ ಹೋಗಿ, ಅರವತ್ತು ಪ್ರಶ್ನೆಗಳ ಪರೀಕ್ಷೆ ಬರೆದೆ. ಎಂ.ಟೆಕ್‌ಗೂ ಅಷ್ಟು ಓದಿರಲಿಲ್ಲ. ಹಿಡಿದ ಮೀನನ್ನು ಹೇಗೆ ಕೊಲ್ಲಬೇಕು ಎಂಬುದೂ ಅದರಲ್ಲಿತ್ತು: ಮೊದಲು ಗಿಡ್ಡ ದೊಣ್ಣೆಯಿಂದ ತಲೆಗೆ ಹೊಡೆದು ಎಚ್ಚರ ತಪ್ಪಿಸಬೇಕು, ಆಮೇಲೆ ಚಾಕುವಿನಿಂದ ಎದೆಗೆ ಚುಚ್ಚಬೇಕು. ಬಾಯಿಪಾಠ ಮಾಡಿ ಬರೆದೆ, ನೂರಕ್ಕೆ ನೂರು ಬಂತು.

ನನ್ನ ಹೆಂಡತಿ ವಿಜಯಶ್ರೀ ಸರ್ಟಿಫಿಕೇಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಅಲ್ರೀ, ಕೊರಳಾಗ ಲಿಂಗ ಕಟ್ಕೊಂಡು ಕೈಯಾಗ ಗಾಳ ಹಿಡದ್ರ ಜನಾ ಏನಂದಾರು?"

"ನಾ ಎಲ್ಲಿ ಹಿಡೀತೀನಿ? ಆಕಿ ಹಿಡೀತಾಳ. ನಾ ಬರೇ ಜೋಡಿ ಹೋಗಾಂವ."

"ಚಲೋ ಹೇಳಿದ್ರಿ. ಕಳ್ಳನ ಜೋಡಿ ಬ್ಯಾಟರಿ ಹಿಡಕೊಂಡು ಹೋದಾಂವ ಕಳ್ಳ ಅಲ್ಲೇನು?"

ಕೊನೆಗೆ ಒಪ್ಪಿದಳು, ಎರಡು ಷರತ್ತು ಹಾಕಿ. ಮೀನು ಮನೆಯ ಹೊಸ್ತಿಲು ದಾಟಬಾರದು. ಹೋಗಿ ಬಂದವರು ಸ್ನಾನ ಮಾಡದೆ ಅಡುಗೆಮನೆಗೆ ಬರಬಾರದು. ಹಾಗಾಗಿ ಪವಿ ಹಿಡಿದದ್ದೆಲ್ಲ ಹೆರ್ಬರ್ಟ್ ಮನೆಗೆ ಹೋಗುತ್ತಿತ್ತು. ಹೆರ್ಬರ್ಟ್ ನಮ್ಮ ಮೀನುಗಾರಿಕೆ ಸಂಘದಲ್ಲಿ ಕೆರೆಯ ಉಸ್ತುವಾರಿ ನೋಡುವ ಮನುಷ್ಯ, ಎಪ್ಪತ್ತೊಂದು ವರ್ಷ. ಮಾತು ಕಮ್ಮಿ. ಸಂಘದೊಳಗೆ ಎಲ್ಲರೂ ಏಕವಚನ. ಅಷ್ಟು ಹಿರಿಯರನ್ನು ನೀನು ಎನ್ನುವಾಗ ನನ್ನ ನಾಲಿಗೆ ಇನ್ನೂ ತಡವರಿಸುತ್ತದೆ. ಅವನಿಗೆ ನಾನು ಅಡಿವೆಪ್ಪ ಅಲ್ಲ, ಆಡಿ.

ಕೆರೆ ಅಂದರೆ ಹಿಂದೆ ಜಲ್ಲಿ ತೆಗೆದ ದೊಡ್ಡ ಹೊಂಡ. ಸುತ್ತ ಜೊಂಡು, ಒಂದು ಕಡೆ ಹಲಗೆಯ ಅಟ್ಟ. ಶನಿವಾರ ಬೆಳಿಗ್ಗೆ ಪವಿ ಅಲ್ಲಿ ಕೂತಳೆಂದರೆ ಮನೆಯಲ್ಲಿ ಜರ್ಮನ್‌ನಲ್ಲೇ ಮುಖ ಸಿಂಡರಿಸುವ ಹುಡುಗಿ ಬಾಯಿ ತುಂಬ ಕನ್ನಡ ಮಾತಾಡುತ್ತಿದ್ದಳು. ಟೀಚರು, ಗೆಳತಿಯರ ಜಗಳ, ಅಮ್ಮನ ಮೇಲಿನ ಸಿಟ್ಟು, ಎಲ್ಲ. ನಾನು ಹೋಗುತ್ತಿದ್ದದ್ದು ಅದಕ್ಕೇ, ಮೀನಿಗಲ್ಲ. ಮೀನು ಸಿಕ್ಕಾಗ ಮಾತ್ರ ನಾನು ಎದ್ದು, ಬೆನ್ನು ತಿರುಗಿಸಿ, ಆಚೆ ದಂಡೆಯ ಗಿಡಗಳನ್ನು ನೋಡುತ್ತ ನಿಲ್ಲುತ್ತಿದ್ದೆ. ಹಿಂದೆ ಟಪ್ ಎಂದು ಸದ್ದು ಬರುತ್ತಿತ್ತು. ಸ್ವಲ್ಪ ಹೊತ್ತಿಗೆ "ಆತು ಅಪ್ಪಾ" ಅನ್ನುತ್ತಿದ್ದಳು. ತಿರುಗುವಷ್ಟರಲ್ಲಿ ಮೀನು ಡಬ್ಬಿಯಲ್ಲಿ, ಡಬ್ಬಿಯ ಮೇಲೆ ಮುಚ್ಚಳ. ಅವಳು ಸಂಘದ ಪುಸ್ತಕದಲ್ಲಿ ತಾರೀಖು, ಜಾತಿ, ಅಳತೆ ಬರೆಯುತ್ತಿದ್ದಳು. ನನ್ನ ಕೈಗೆ ಒಂದು ಹನಿ ರಕ್ತ ಹತ್ತಿಲ್ಲ ಎಂದು ನನಗೆ ಒಳಗೊಳಗೇ ಹೆಮ್ಮೆ.

ಹೀಗೆ ಒಂದು ವರ್ಷ ಕಳೆಯಿತು. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ? ಎರಡನೇ ವರ್ಷ ಮೇ ಒಂದಕ್ಕೆ ಹೆಖ್ಟ್ ಹಿಡಿಯುವ ಕಾಲ ಶುರುವಾದಾಗ ನಾನೂ ಒಂದು ಗಾಳದ ಕೋಲು ಕೊಂಡೆ. ಹೆಖ್ಟ್ ಅಂದರೆ ಇಲ್ಲಿನ ಸಿಹಿನೀರಿನ ಹುಲಿ, ಮೊಸಳೆಯ ಹಾಗೆ ಉದ್ದ ಮೂತಿ, ಬಾಯಿ ತುಂಬ ಹಲ್ಲು. ಅಮೆರಿಕದಲ್ಲಿ ಇದರ ದೊಡ್ಡಣ್ಣ ಇದ್ದಾನೆ, ಮಸ್ಕಿ ಎಂದು. ಹತ್ತು ಸಾವಿರ ಸಲ ಎಸೆದರೆ ಒಂದು ಸಲ ಸಿಗುತ್ತದೆ ಎನ್ನುತ್ತಾರೆ ಅಲ್ಲಿನವರು. ನಾನು ಅವರ ವೀಡಿಯೊಗಳನ್ನು ರಾಶಿ ರಾಶಿ ನೋಡಿದೆ. ನನ್ನ ಲೆಕ್ಕಾಚಾರ ಇಷ್ಟೇ: ಸಿಗದ ಮೀನಿಗೆ ಗಾಳ ಎಸೆದರೆ ಪಾಪವೂ ಇಲ್ಲ, ಮಗಳ ಪಕ್ಕ ಸುಮ್ಮನೆ ಕೂತಂತೆಯೂ ಆಗುವುದಿಲ್ಲ. ಎಂಥ ಜಾಣತನ ನೋಡಿ!

ಪವಿಗೆ ಮಾತ್ರ ಅದು ಆಟವಾಗಿರಲಿಲ್ಲ. ಆ ವರ್ಷ ಒಂದು ಹೆಖ್ಟ್ ಹಿಡಿಯಲೇಬೇಕೆಂದು ಹಟ ತೊಟ್ಟಿದ್ದಳು. ಅದಕ್ಕೆಂದೇ ಉದ್ದ ಇಕ್ಕಳ, ಗಾಳದ ಮುಳ್ಳು ಕತ್ತರಿಸುವ ಕತ್ತರಿ, ದೊಡ್ಡ ಬಲೆ, ಎಲ್ಲ ಜೋಡಿಸಿಟ್ಟಿದ್ದಳು. ಮೇ, ಜೂನ್, ಜುಲೈ. ಎಸೆಯುವುದು, ಎಳೆಯುವುದು, ಮತ್ತೆ ಎಸೆಯುವುದು. ಒಮ್ಮೆ ಹೆಖ್ಟ್ ಅವಳು ಗಾಳಕ್ಕೆ ಕಟ್ಟಿದ ನಕಲಿ ಮೀನಿನ ಹಿಂದೆಯೇ ಕಾಲ ಬುಡದ ತನಕ ಬಂದು, ನಮ್ಮಿಬ್ಬರನ್ನೂ ನೋಡಿ, ಬಂದಷ್ಟೇ ನಿಧಾನವಾಗಿ ಹೊರಟುಹೋಯಿತು. ಪವಿ ಅತ್ತುಬಿಟ್ಟಳು. ತಾಳಿದವನು ಬಾಳಿಯಾನು ಎಂದು ನಾನು ಉಪದೇಶ ಮಾಡಿದೆ.

ಆಗಸ್ಟ್ ಬಂತು. ಶಾಲೆಗೆ ಸೂಟಿ, ನಾನೂ ವಾರ ರಜೆ ಹಾಕಿದ್ದೆ. ಶ್ರಾವಣ ಸೋಮವಾರ ಬೇಡ ಎಂದರೂ ಪವಿ ಕೇಳಲಿಲ್ಲ. ಬೆಂಕಿಯಂಥ ಬಿಸಿಲು, ನೀರು ಉಗುರುಬೆಚ್ಚಗೆ. ಇಂಥ ನೀರಲ್ಲಿ ಹೆಖ್ಟ್‌ಗೆ ಉಸಿರು ಸಾಲುವುದಿಲ್ಲ, ಇವತ್ತು ಅದರ ತಂಟೆಗೆ ಹೋಗಬಾರದು ಎಂದು ಅವಳು ಸಣ್ಣ ಗಾಳ ಹಾಕಿ ಕೂತಿದ್ದಳು. ನಾನು ಅಭ್ಯಾಸಬಲದಿಂದ ದೊಡ್ಡದನ್ನೇ ಎಸೆದೆ. ಮೂರನೇ ಎಸೆತಕ್ಕೆ ಕೋಲು ನೀರಿಗೆ ಬಾಗಿತು.

ಹೇಗೆ ಎಳೆದೆನೋ, ಎಷ್ಟು ಹೊತ್ತು ಎಳೆದೆನೋ! ಪವಿ ಬಲೆ ಹಾಕಿ ಎತ್ತಿದಳು. ತೊಂಬತ್ತು ಸೆಂಟಿಮೀಟರಿಗೂ ಮೇಲೆ. ಬಾಯಲ್ಲಿ ಮೂರು ಮುಳ್ಳಿನ ಎರಡು ಗಾಳ.

"ಅಪ್ಪಾ, ಇಕ್ಕಳ ಎಲ್ಲಿ?"

"ಕಾರಿನ್ಯಾಗ ಉಳೀತು."

ಅವಳು ಓಡಿದಳು. ಕಾರು ಆಚೆ ರಸ್ತೆಯಲ್ಲಿತ್ತು. ಅಷ್ಟು ಹೊತ್ತು ನಾನು ಏನು ಮಾಡಿದೆ ಕೇಳಿ. ಮೀನನ್ನು ಕಾದ ಹಲಗೆಯ ಮೇಲೆ ಮಲಗಿಸಿದೆ. ಜಾರುತ್ತದೆಂದು ಒಣ ಟವೆಲ್ಲಿನಿಂದ ಒತ್ತಿ ಹಿಡಿದೆ. ಫೋನು ತೆಗೆದು ನಾಲ್ಕು ಫೋಟೊ, ಒಂದು ಸೆಲ್ಫಿ ತೆಗೆದೆ. ಪವಿ ಏದುಸಿರು ಬಿಡುತ್ತ ಬಂದು ಮುಳ್ಳು ಬಿಡಿಸಿದಾಗ ಹಲಗೆಯ ಮೇಲೆ ರಕ್ತ ಹರಿಯಿತು.

"ಅಪ್ಪಾ, ಕಿವಿರಿಗೆ ಹತ್ತೇದ. ಇದು ಬದುಕಂಗಿಲ್ಲ. ದೊಣ್ಣಿ ಕೊಡು."

"ಸುಮ್ನಿರು. ಶ್ರಾವಣ ಸೋಮವಾರ ಐತಿ. ಇಷ್ಟು ದೊಡ್ಡ ಜೀವ ಕೊಲ್ಲೂದು ಬ್ಯಾಡ, ಬಿಟ್ಟುಬಿಡೋಣು."

"ನೈನ್, ಇಲ್ಲ! ಹಂಗ ಬಿಡೂ ಹಂಗಿಲ್ಲ ಅಪ್ಪಾ. ಕೋರ್ಸಿನ್ಯಾಗ ಓದಿಯಲ್ಲ?"

ಓದಿದ್ದೆ. ತಿನ್ನುವ ಅಳತೆಯ ಮೀನನ್ನು ಬರೀ ಮೋಜಿಗೆ ಹಿಡಿದು ಬಿಡುವುದು ಇಲ್ಲಿ ತಪ್ಪು. ಕೊಲ್ಲುವ ಮನಸ್ಸಿಲ್ಲದವನು ಗಾಳವನ್ನೇ ಹಾಕಬಾರದು. ಆದರೆ ಅಮೆರಿಕದವರು ಬಿಡುತ್ತಾರಲ್ಲ! ವೀಡಿಯೊದಲ್ಲಿ ಎಷ್ಟು ಸಲ ನೋಡಿದ್ದೇನೆ, ಮಸ್ಕಿಯ ಬಾಲ ಹಿಡಿದು ನೀರಲ್ಲಿ ನಿಲ್ಲಿಸುತ್ತಾರೆ, ಅದು ಠೀವಿಯಿಂದ ಹೊರಟುಹೋಗುತ್ತದೆ. ಅವರು ಮೀನನ್ನು ಬಲೆಯೊಳಗೆ ನೀರಲ್ಲೇ ಇಟ್ಟುಕೊಂಡು ಮುಳ್ಳು ಕತ್ತರಿಸುತ್ತಾರೆ, ಬಿಸಿನೀರಿನ ದಿನ ಗಾಳವನ್ನೇ ಮುಟ್ಟುವುದಿಲ್ಲ. ಅದನ್ನೂ ಅದೇ ವೀಡಿಯೊದಲ್ಲಿ ಹೇಳಿರುತ್ತಾರೆ. ನನಗೆ ಬೇಕಾದಷ್ಟನ್ನು ನಾನು ನೋಡಿದ್ದೆ. ಪವಿಯ ಕೈಯಿಂದ ಮೀನನ್ನು ಕಿತ್ತುಕೊಂಡು ನೀರಿಗಿಳಿಸಿದೆ. ಓಲಾಡಿಕೊಂಡು ಆಳಕ್ಕೆ ಹೋಯಿತು. ನಾನು ಕೈ ಮುಗಿದೆ. ಪವಿ ಸಾಮಾನು ಕಟ್ಟಿಕೊಂಡು ಕಾರಿನ ಕಡೆ ನಡೆದಳು.

ಫೋಟೊ ಊರಿನ ವಾಟ್ಸಾಪ್ ಗುಂಪಿಗೆ ಹೋಯಿತು, ಕೆಳಗೆ "ಜೀವದಾನ" ಎಂದು ಬರೆದೆ. ಕೈ ಮುಗಿದ ಗೊಂಬೆಗಳ ಸುರಿಮಳೆ. ಸೋದರತ್ತೆ ದೇವೀರಮ್ಮ ಬೈಲಹೊಂಗಲದಿಂದ ಫೋನ್ ಮಾಡಿ, "ಪುಣ್ಯಾ ಕಟ್ಕೊಂಡ್ಯೋ ತಮ್ಮಾ" ಅಂದರು. ಎರಡು ದಿನ ನಾನು ನೆಲದ ಮೇಲೆ ನಡೆಯಲಿಲ್ಲ.

ಬುಧವಾರ ಬೆಳಿಗ್ಗೆ ಹೆರ್ಬರ್ಟ್ ಫೋನ್ ಮಾಡಿದ. "ಕೆರೆಗೆ ಬಾ ಆಡಿ. ಹುಡುಗಿಯನ್ನೂ ಕರೆದುಕೊಂಡು ಬಾ." ಅಷ್ಟೇ.

ಜೊಂಡಿನ ಮಧ್ಯೆ ಅದು ಅಡ್ಡ ಮಲಗಿತ್ತು. ಸತ್ತಿರಲಿಲ್ಲ. ಸತ್ತಿದ್ದರೆ ಚೆನ್ನಾಗಿತ್ತು. ಒಂದು ಕಡೆಯ ಕಿವಿರು ಬಿಳಿಚಿ ಹರಿದಿತ್ತು, ನನ್ನ ಟವೆಲ್ ಒತ್ತಿದ ಕಡೆಯೆಲ್ಲ ಮೈಮೇಲಿನ ಲೋಳೆ ಹೋಗಿ ಬೂಷ್ಟು ಹಿಡಿದಿತ್ತು. ಬಾಯಿ ನಿಧಾನವಾಗಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಎರಡು ದಿನ ಹಾಗೇ ಬಿದ್ದುಕೊಂಡಿತ್ತು. ಜೀವದಾನ! ಹೆರ್ಬರ್ಟ್ ನೀರಿಗಿಳಿದು ಒಂದೇ ಏಟಿಗೆ ಮುಗಿಸಿದ. ನಾನು ಅಭ್ಯಾಸದಂತೆ ಗಿಡಗಳ ಕಡೆ ತಿರುಗಿದ್ದೆ.

"ಸೋಮವಾರ ಕೆರೆಗೆ ಬಂದವರ ಪಟ್ಟಿಯಲ್ಲಿ ನಿಮ್ಮಿಬ್ಬರದೇ ಹೆಸರು," ಎಂದ ಹೆರ್ಬರ್ಟ್. "ಬಿಟ್ಟವರು ಯಾರು?"

ಇಲ್ಲಿ ಒಂದು ವಿಷಯ ಹೇಳಬೇಕು. ನಮ್ಮ ಐನ್‌ಬ್ಯುರ್ಗೆರುಂಗ್, ಅಂದರೆ ಜರ್ಮನ್ ಪೌರತ್ವದ ಅರ್ಜಿ, ಆಗ ಕೊನೆಯ ಹಂತದಲ್ಲಿತ್ತು. ಹದಿನಾಲ್ಕು ವರ್ಷದ ಕನಸು. ನಿಮ್ಮ ಮೇಲೆ ಯಾವುದಾದರೂ ಕೇಸಿದೆಯೇ ಎಂದು ಅರ್ಜಿಯಲ್ಲಿ ಕೇಳುತ್ತಾರೆ. ಪ್ರಾಣಿಹಿಂಸೆ ಎಂದು ಯಾರಾದರೂ ದೂರು ಕೊಟ್ಟರೆ? ಒಂದು ಕ್ಷಣದಲ್ಲಿ ಇದೆಲ್ಲ ತಲೆಯಲ್ಲಿ ಓಡಿತು. ನನ್ನ ಬಾಯಲ್ಲಿ ಜರ್ಮನ್ ಇತ್ತು, ಇಂಗ್ಲಿಷ್ ಇತ್ತು, ಕನ್ನಡ ಇತ್ತು. ಒಂದೂ ಹೊರಗೆ ಬರಲಿಲ್ಲ.

"ನಾನು," ಎಂದಳು ಪವಿ, ಜರ್ಮನ್‌ನಲ್ಲಿ.

ಹೆರ್ಬರ್ಟ್ ಅವಳನ್ನು ನೋಡಿದ. ಆಮೇಲೆ ನನ್ನನ್ನು ನೋಡಿದ, ಬಹಳ ಹೊತ್ತು. ನಾನು ಅಲ್ಲ ಅನ್ನಲಿಲ್ಲ. ಆ ವರ್ಷ ಮುಗಿಯುವ ತನಕ ಪವಿ ಕೆರೆಗೆ ಗಾಳ ಹಾಕುವಂತಿಲ್ಲ ಎಂದು ಹೇಳಿ ಅವಳ ಪರವಾನಗಿ ಚೀಟಿಯನ್ನೂ ಪುಸ್ತಕವನ್ನೂ ತೆಗೆದುಕೊಂಡ.

ಕಾರಿನಲ್ಲಿ ಕೇಳಿದೆ, "ಯಾಕವಾ ಹಂಗಂದಿ?"

"ಪೌರತ್ವದ ಫಾರ್ಮ್ ಎಲ್ಲಾ ನಾನ ತುಂಬೀನಲ್ಲ ಅಪ್ಪಾ, ನಂಗ ಗೊತ್ತದ. ನಾ ಇನ್ನೂ ಸಣ್ಣಾಕಿ, ನಂಗೇನೂ ಆಗಂಗಿಲ್ಲ." ಕಿಟಕಿಯ ಕಡೆ ತಿರುಗಿ ಕೂತಳು. "ಅಮ್ಮಗ ಹೇಳಬ್ಯಾಡ."

ಹದಿಮೂರು ವರ್ಷದ ಹುಡುಗಿ. ನಲವತ್ತೊಂಬತ್ತರ ಗಂಡಸು ನಾನು, "ಹೂಂ" ಎಂದೆ.

ಸುದ್ದಿ ಮುಚ್ಚಿಡಲಾಗಲಿಲ್ಲ, ಸಂಘದ ಪತ್ರ ಮನೆಗೆ ಬಂತು. ವಿಜಯಶ್ರೀ ಪತ್ರ ಹಿಡಿದು ಮಗಳ ಮುಂದೆ ನಿಂತಳು. "ಎಷ್ಟು ಸೊಕ್ಕು ನಿಂಗ! ನಿಮ್ಮಪ್ಪ ಬ್ಯಾಡಂದ್ರೂ ಕೇಳಲಿಲ್ಲೇನು? ಅವರ ಮಾನಾ ಕಳದೆಲ್ಲ." ಪವಿ ತಟ್ಟೆ ನೋಡುತ್ತ ಕೂತಳು. ನಾನು ಅಲ್ಲೇ ಎದುರಿಗೆ ಕೂತು ಜೋಳದ ರೊಟ್ಟಿ ಮುರಿದು ಬದನೆಕಾಯಿ ಪಲ್ಯ ಹಚ್ಚಿಕೊಂಡು ತಿಂದೆ. ಆ ರೊಟ್ಟಿ ಇವತ್ತಿಗೂ ಗಂಟಲಲ್ಲಿದೆ.

ಪೌರತ್ವ ಬರಲಿ, ಮರುದಿನವೇ ಎಲ್ಲ ಹೇಳುತ್ತೇನೆ ಎಂದುಕೊಂಡೆ. ಅಕ್ಟೋಬರ್ ಮೊದಲ ವಾರ ಪ್ರಮಾಣಪತ್ರ ಕೈಗೆ ಬಂತು. ವಿಜಯಶ್ರೀ ಗೋಧಿ ಹುಗ್ಗಿ ಮಾಡಿದಳು, ಫೋಟೊ ತೆಗೆಸಿಕೊಂಡೆವು. ಇನ್ನು ಹೆದರಲು ಏನೂ ಇರಲಿಲ್ಲ. ಆದರೂ ಮರುದಿನ ಹೇಳಲಿಲ್ಲ, ಅದರ ಮರುದಿನವೂ ಹೇಳಲಿಲ್ಲ. ಆಗ ನನಗೆ ಅರ್ಥವಾಯಿತು, ನಾನು ಕಾಗದಕ್ಕೆ ಹೆದರಿದವನಲ್ಲ, ನನಗೇ ಹೆದರಿದವನು. ಶನಿವಾರಗಳಲ್ಲಿ ಪವಿ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಊಟಕ್ಕೆ ಕರೆದರೆ ಜರ್ಮನ್‌ನಲ್ಲಿ ಒಂದು ಮಾತು. ಕನ್ನಡ ನಿಂತೇಹೋಯಿತು.

ನವೆಂಬರಿನಲ್ಲಿ ಒಂದು ಸಂಜೆ ಅವಳು ತನ್ನ ಕೋಲು, ರೀಲು, ಬಲೆ ಎಲ್ಲ ತಂದು ನನ್ನ ಮುಂದಿಟ್ಟಳು. ಹಳೆಯ ಸಾಮಾನು ಮಾರುವ ಆ್ಯಪ್‌ನಲ್ಲಿ ಹಾಕಿಬಿಡು ಎಂದಳು.

"ಹುಚ್ಚಿ, ಜನವರಿಗೆ ಚೀಟಿ ವಾಪಸ್ ಬರ್ತೈತಿ."

"ನಂಗ ಬ್ಯಾಡ." ಆಮೇಲೆ ಕನ್ನಡದಲ್ಲೇ ಹೇಳಿದಳು, ಒಂದೊಂದೇ ಶಬ್ದ ಹುಡುಕಿಕೊಂಡು. "ಕೊಲ್ಲೂದು ನಂಗೂ ಎಂದೂ ಸೇರಿಲ್ಲ ಅಪ್ಪಾ. ಹಿಡದ ಮ್ಯಾಲ ಯಾರಾದ್ರೂ ಛಂದಂಗ ಮಾಡಬೇಕಲ್ಲ, ಅದಕ್ಕ ನೋವು ಆಗಲಾರದಂಗ. ನೀ ಅಂತೂ ಯಾವಾಗ್ಲೂ ಆ ಕಡೆ ನೋಡ್ತಿದ್ದಿ."

ಬೈದಿರಲಿಲ್ಲ, ಅತ್ತಿರಲಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಿದ್ದಳು. ನಾನು ಕೋಟು ಹಾಕಿಕೊಂಡು ಸೀದಾ ಹೆರ್ಬರ್ಟ್ ಮನೆಗೆ ನಡೆದೆ.

ಅವನು ಗ್ಯಾರೇಜಿನಲ್ಲಿ ಬಲೆ ರಿಪೇರಿ ಮಾಡುತ್ತಿದ್ದ. ನಿಂತುಕೊಂಡೇ ಎಲ್ಲ ಹೇಳಿದೆ. ಇಕ್ಕಳ, ಟವೆಲ್ಲು, ಸೆಲ್ಫಿ, ಜೀವದಾನ, ಎಲ್ಲ. ಅವನು ಕೈಯಲ್ಲಿದ್ದ ದಾರ ಕಡಿದು, ಕಪಾಟಿನಿಂದ ಪವಿಯ ಪುಸ್ತಕ ತೆಗೆದು ನನ್ನ ಮುಂದೆ ಬಿಚ್ಚಿದ.

"ಇಪ್ಪತ್ತೇಳು ಮೀನು. ಎಲ್ಲವನ್ನೂ ನನ್ನ ಕೈಯಾರೆ ಸ್ವಚ್ಛ ಮಾಡಿದ್ದೇನೆ. ಒಂದೇ ಏಟು, ಒಂದೇ ಚುಚ್ಚು. ಒಂದೂ ನರಳಿಲ್ಲ. ಇಂಥ ಹುಡುಗಿ ಆ ಕೆಲಸ ಮಾಡಿದಳೆಂದರೆ ನಾನು ನಂಬುತ್ತೇನೆಯೇ?"

"ಗೊತ್ತಿದ್ದೂ ಆಕೆಗೆ ಯಾಕೆ ಶಿಕ್ಷೆ ಕೊಟ್ಟೆ?" ನನಗೆ ಸಿಟ್ಟೇ ಬಂತು. ನನಗೆ! ಸಿಟ್ಟು ಬರಲು ನನಗೇನು ಹಕ್ಕಿತ್ತೋ.

"ಅವಳು ನಾನು ಎಂದಳು. ನೀನು ಅಲ್ಲ ಅನ್ನಲಿಲ್ಲ. ತಂದೆ ಮಗಳ ನಡುವೆ ನಾನು ಯಾರು? ನಾಳೆ ಬರುತ್ತಾನೆ, ನಾಡಿದ್ದು ಬರುತ್ತಾನೆ ಎಂದು ಕಾದೆ." ಪುಸ್ತಕ ಮುಚ್ಚಿದ. "ಹನ್ನೆರಡು ವಾರ ಕಾಯಿಸಿದೆ ಆಡಿ. ಹೆಖ್ಟ್ ಕೂಡ ಇಷ್ಟು ಕಾಯಿಸುವುದಿಲ್ಲ."

ಸಂಘದ ಸಭೆಯಲ್ಲಿ ನಲವತ್ತು ಜನರ ಮುಂದೆ ಇನ್ನೊಮ್ಮೆ ಹೇಳಿದೆ. ನನಗೆ ಎರಡು ವರ್ಷ ಕೆರೆಗೆ ಗಾಳ ಹಾಕುವಂತಿಲ್ಲ. ಪವಿಗೆ ಅವತ್ತೇ ಚೀಟಿ ವಾಪಸ್ ಬಂತು, ಇನ್ನು ಅವಳ ಪಕ್ಕ ತಾನು ನಿಲ್ಲುತ್ತೇನೆ ಎಂದ ಹೆರ್ಬರ್ಟ್. ಅದಕ್ಕಿಂತ ಕಷ್ಟ ಮನೆಯಲ್ಲಿತ್ತು. ವಿಜಯಶ್ರೀ ಪೂರ್ತಿ ಕೇಳಿದಳು. "ಮೀನ ಸತ್ತದ್ದಕ್ಕಲ್ರೀ," ಎಂದಳು, "ನಾ ಆಕೀನ ಬೈಯೂ ಮುಂದ ನೀವು ರೊಟ್ಟಿ ತಿನ್ನಾಕತ್ತಿದ್ರಲ್ಲ." ಮಗಳ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಳಗೆ ಇಬ್ಬರೂ ಅಳುವುದು ಕೇಳಿಸಿತು. ನಾನು ಹೊರಗೆ ನಿಂತಿದ್ದೆ.

ಪವಿ ಕೆರೆಗೆ ಹೋಗಲು ಎರಡು ವಾರ ಒಪ್ಪಲಿಲ್ಲ. ಡಿಸೆಂಬರ್ ಮೊದಲ ಶನಿವಾರ ತಾನಾಗಿ ಬೂಟು ಹಾಕಿಕೊಂಡು ಬಂದು, "ಅಪ್ಪಾ, ನೀನೂ ಬಾ" ಎಂದಳು. ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿತ್ತು. ಹೆರ್ಬರ್ಟ್ ಅವಳ ಪಕ್ಕ, ನಾನು ನಾಲ್ಕು ಹೆಜ್ಜೆ ಹಿಂದೆ, ಬರಿಗೈಯಲ್ಲಿ. ಎರಡು ತಾಸು ಎಸೆದಳು, ಎಳೆದಳು. ಹತ್ತೂವರೆಯ ಹೊತ್ತಿಗೆ ಕೋಲು ಬಾಗಿತು.

ಅರವತ್ತನಾಲ್ಕು ಸೆಂಟಿಮೀಟರ್. ಅವಳ ಮೊದಲ ಹೆಖ್ಟ್. ಹೆರ್ಬರ್ಟ್ ಬಲೆ ಹಿಡಿದ, ಇಕ್ಕಳ ಅವಳ ಸೊಂಟದಲ್ಲೇ ಇತ್ತು. ಹುಲ್ಲಿನ ಮೇಲೆ ಒದ್ದೆ ಚಾಪೆ ಹಾಸಿ ಮೀನನ್ನು ಮಲಗಿಸಿ ಅವಳು ದೊಣ್ಣೆ ತೆಗೆದುಕೊಂಡಳು. ನನ್ನ ಕಾಲು ತಾನಾಗಿ ತಿರುಗಲು ಹೊರಟಿತು. ಲಿಂಗವನ್ನು ಅಂಗಿಯ ಮೇಲಿಂದ ಗಟ್ಟಿಯಾಗಿ ಹಿಡಿದುಕೊಂಡು ನಿಂತೆ. ನೋಡಿದೆ. ಏಟು ಬಿದ್ದದ್ದು ನೋಡಿದೆ, ಮೀನಿನ ಮೈ ಒಮ್ಮೆ ನಡುಗಿ ಬಿಗಿದದ್ದು ನೋಡಿದೆ, ಚಾಕು ಇಳಿದದ್ದು, ರಕ್ತ ಬಂದದ್ದು, ಎಲ್ಲ ನೋಡಿದೆ.

ಅದು ಮುಗಿದ ಕೂಡಲೇ ಪವಿ ತಲೆಯೆತ್ತಿ ನನ್ನ ಕಡೆ ನೋಡಿದಳು. ಹಾಗೆ ನೋಡುವುದು ಅವಳಿಗೆ ರೂಢಿಯೆಂದು ಆ ಕ್ಷಣದಲ್ಲಿ ತಿಳಿಯಿತು. ಇಪ್ಪತ್ತೇಳು ಸಲವೂ ಹೀಗೇ ನೋಡಿರಬೇಕು, ಇಪ್ಪತ್ತೇಳು ಸಲವೂ ಅವಳಿಗೆ ಕಂಡದ್ದು ನನ್ನ ಬೆನ್ನು.

"ಅಪ್ಪಾ, ನೀರು ತೊಗೊಂಡು ಬಾ. ಕೈ ತೊಳ್ಕೋಬೇಕು."

ಬಕೆಟ್ಟಿನಲ್ಲಿ ನೀರು ತಂದು, ಚೊಂಬಿನಿಂದ ಅವಳ ಕೈ ಮೇಲೆ ಸ್ವಲ್ಪ ಸ್ವಲ್ಪವೇ ಹೊಯ್ದೆ. ರಕ್ತ ಹೋಯಿತು. ಅವಳ ಎರಡೂ ಕೈ ನಡುಗುತ್ತಿದ್ದವು.

"ಥಂಡಿ ಆತೇನವಾ?"

"ಇಲ್ಲ ಅಪ್ಪಾ. ಯಾವಾಗ್ಲೂ ಹಿಂಗ ಆಗ್ತದ."